ಬಾಗಿಲ ಬಳಿ ಮಾವನ ಬಿಳಿ ಶೂ

ಮೊನ್ನೆ ಸಂಜೆ ನಮ್ಮ ಮನೆಯವರೆಲ್ಲ ನಮ್ಮದೇ ಮನೆಯ ಬಾಗಿಲಾಚೆ ಬರಿಗಾಲಲ್ಲಿ ನಿಂತಿದ್ದೆವು. ಬಾಗಿಲಿಗೆ ಬೀಗ ಬಿದ್ದಿತ್ತು. ಕೀ ಒಳಗೆ. ಫೋನುಗಳೂ ಒಳಗೆ. ಸ್ಮೋಕ್ ಅಲಾರಂ ಇಡೀ ಬೀದಿಗೆ ಕೇಳುವಂತೆ ಬಡಿದುಕೊಳ್ಳುತ್ತಿತ್ತು. ನಮ್ಮತ್ತೆ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದರು.

ಇಷ್ಟು ಸಾಲದು ಎಂಬಂತೆ ಡ್ರೈವ್‌ವೇಯಲ್ಲಿ ಒಂದು ಅಸ್ಥಿಪಂಜರ, ಇಬ್ಬರು ಮಾಟಗಾತಿಯರು ಮತ್ತು ಒಂದು ಡೈನೋಸಾರ್ ನಿಂತು ಚಪ್ಪಾಳೆ ತಟ್ಟುತ್ತಿದ್ದವು.

“ಬೆಸ್ಟ್ ಹೌಸ್ ಎವರ್!” ಎಂದಿತು ಡೈನೋಸಾರ್.

ಅಂದು ಹ್ಯಾಲೋವೀನ್. ಮುಖವಾಡ ಹಾಕಿಕೊಂಡ ಮಕ್ಕಳು ಮನೆಮನೆಯ ಬಾಗಿಲು ತಟ್ಟಿ ಚಾಕಲೇಟು ಕೇಳುವ ದಿನ. ಅಂದೇ ನಮ್ಮ ದೀಪಾವಳಿ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವ ದಿನ. ಎರಡೂ ಒಂದೇ ಸಂಜೆ, ಆಕ್ಲೆಂಡಿನ ಹಿಲ್ಸ್‌ಬರೋದ ನಮ್ಮ ಪುಟ್ಟ ಮನೆಯಲ್ಲಿ ಡಿಕ್ಕಿ ಹೊಡೆದವು. (ಅಮಾವಾಸ್ಯೆ ಇಂಡಿಯಾ ಲೆಕ್ಕದಲ್ಲೋ ಆಕ್ಲೆಂಡ್ ಲೆಕ್ಕದಲ್ಲೋ ಎಂದು ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ವಾರಪೂರ್ತಿ ಜಗಳವಾಗಿತ್ತು. “ಚಂದ್ರ ಒಬ್ನೇ ಅಲ್ವಾ? ಮಡಗು ಫೋನ್ನ” ಎಂದು ಅತ್ತೆ ಮುಗಿಸಿದ್ದರು.)

ಹೊಸ ಓದುಗರಿಗಾಗಿ ಹೇಳಿಬಿಡುತ್ತೇನೆ. ಅತ್ತೆ ಮಂಡ್ಯದ ಕಡೆಯವರು. ಜೂನ್‌ನಿಂದ ನಮ್ಮ ಜೊತೆ ಇದ್ದಾರೆ. ಮಾವ ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಊರಿನ ಬಸ್ಸು ಎಲ್ಲಿ ನಿಲ್ಲುತ್ತದೆ, ಎಷ್ಟೊತ್ತಿಗೆ ಬಿಡುತ್ತದೆ ಎಂದು ಜೀವಮಾನವಿಡೀ ಬೇರೆಯವರಿಗೆ ಹೇಳಿದವರು. ತಾವು ಮಾತ್ರ ಎಲ್ಲಿಗೂ ಹೋದವರಲ್ಲ. ಈ ವರ್ಷ ಇಬ್ಬರೂ ಒಟ್ಟಿಗೆ ನಮ್ಮಲ್ಲಿಗೆ ಬರಬೇಕಿತ್ತು. ವೀಸಾ ಆಗಿತ್ತು. ಏಪ್ರಿಲ್‌ಗೆ ಟಿಕೆಟ್ ಆಗಿತ್ತು. ಜನವರಿಯಲ್ಲಿ ಮಾವ ಹೋಗಿಬಿಟ್ಟರು.

ಪ್ರಯಾಣಕ್ಕೆಂದು ಅವರು ಒಂದೇ ಒಂದು ವಸ್ತು ಕೊಂಡಿದ್ದರು. ಬಿಳಿ ಕ್ಯಾನ್ವಾಸ್ ಶೂ. “ಫಾರಿನ್ನಲ್ಲಿ ಚಪ್ಲಿ ಹಾಕ್ಕಂಡು ತಿರುಗಾಡಕಾಯ್ತದಾ?” ಎಂದು ಅತ್ತೆಯನ್ನು ಬೈದು, ತಾವೇ ಹೋಗಿ ತಂದಿದ್ದರಂತೆ. ಮನೆಯೊಳಗೆ ಹಾಕಿಕೊಂಡು ನಡೆದು ನೋಡಿ, ಮತ್ತೆ ಡಬ್ಬಕ್ಕೆ ಇಟ್ಟಿದ್ದರಂತೆ. ಅತ್ತೆ ಆ ಶೂಗಳನ್ನು ಸೂಟ್‌ಕೇಸಿನಲ್ಲಿ, ತಮ್ಮ ಸೀರೆಗಳ ನಡುವೆ ಸುತ್ತಿ ತಂದರು. ಯಾಕೆ ಅಂತ ನಾವು ಕೇಳಲಿಲ್ಲ. ಕೇಳಿದವನು ಏರ್‌ಪೋರ್ಟಿನ ಬಯೋಸೆಕ್ಯೂರಿಟಿಯವನು ಮಾತ್ರ. ಈ ದೇಶಕ್ಕೆ ಹೊರಗಿನ ಮಣ್ಣು ಬರಕೂಡದು ನೋಡಿ. ಸೋಲ್ ತಿರುಗಿಸಿ, ಬೆಳಕಿಗೆ ಹಿಡಿದು, ಹೊಲಿಗೆಯ ಸಂದಿಯನ್ನೆಲ್ಲ ನೋಡಿ, “ಕ್ಲೀನ್. ನೋ ಸಾಯಿಲ್” ಎಂದು ವಾಪಸ್ ಕೊಟ್ಟ.

ನಮ್ಮ ಕಡೆ ಕೆಲವರು ಮಹಾಲಯಕ್ಕೆ ಎಡೆ ಇಡುತ್ತಾರೆ, ಕೆಲವರು ದೀಪಾವಳಿಗೆ. ಅತ್ತೆ ಮನೆಯದು ದೀಪಾವಳಿ. ಹೋದವರಿಗೆ ಇಷ್ಟವಾದುದನ್ನೆಲ್ಲ ಮಾಡಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಧೂಪ ಹಾಕಬೇಕು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಳ್ಳಬೇಕು. ಒಳಗೆ ಒಂದು ನರಪಿಳ್ಳೆಯೂ ಇರಕೂಡದು. ಹಿರಿಯರು ಬಂದು ಉಂಡು ಹೋಗುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಒಂದು ಸಲ ಕೆಮ್ಮಿ ಒಳಗೆ ಹೋಗಬೇಕು. (ಕೆಮ್ಮುವುದು ಯಾಕೆ? ಊಟ ಮಾಡುತ್ತಾ ಕೂತವರ ಮುಂದೆ ದಡಾರನೆ ಹೋಗಿ ನಿಲ್ಲುತ್ತಾರಾ ಯಾರಾದರೂ?)

ಇದು ಮಾವನಿಗೆ ಮೊದಲ ಎಡೆ. ಅತ್ತೆಗೆ ವಾರದಿಂದ ಒಂದೇ ಕೊರಗು.

“ಮನೆ ಗುರ್ತು ಸಿಕ್ಕದೆಂಗೆ? ಇಲ್ಲಿಗೆ ಒಂದ್ ಸಲಾನೂ ಬಂದೋರಲ್ಲ. ಎಲ್ಲ ಮನೆನೂ ಒಂದೇ ತರ ಅವೆ. ನಂಗೇ ಮೊನ್ನೆ ವಾಕಿಂಗ್ ಓಗಿ ಗೊತ್ತಾಗ್ಲಿಲ್ಲ.”

“ಅಮ್ಮ, ಅಪ್ಪ ಇಡೀ ಊರಿಗೆ ದಾರಿ ಹೇಳಿದೋರು. ಅವರಿಗೆ ಗೊತ್ತಾಗಲ್ವಾ?” ಎಂದ ನನ್ನ ಗಂಡ ಮಹೇಶ.

“ಬಸ್ಸಿನ ದಾರಿ ಗೊತ್ತು ಕಣೋ. ಸಮುದ್ರದ ದಾರಿ ಗೊತ್ತಾ?”

ಗೂಗಲ್ ಮಾಡಿ ಹೇಳುವ ಪ್ರಶ್ನೆ ಅದಲ್ಲ. ಆಗಲೇ ಅತ್ತೆ ರೂಮಿಗೆ ಹೋಗಿ ಬಿಳಿ ಶೂ ತಂದರು. ಇಲ್ಲಿ ನಾವೆಲ್ಲ ಪಾದರಕ್ಷೆ ಬಾಗಿಲಾಚೆ ಬಿಡುತ್ತೇವಲ್ಲ, ಆ ಸಾಲಿನ ತುದಿಯಲ್ಲಿ, ಮ್ಯಾಟಿನ ಪಕ್ಕ ಅವನ್ನು ಜೋಡಿಸಿಟ್ಟರು.

“ಅವ್ರ ಶೂ ಅವ್ರಿಗೆ ಗೊತ್ತಾಯ್ತದೆ. ನೋಡ್ಕಂಡು ಒಳೀಕೆ ಬತ್ತಾರೆ” ಎಂದರು. ನಾನು ಅಡುಗೆಮನೆಗೆ ಹೋಗಿ ಕಜ್ಜಾಯದ ಪಾಕ ನೋಡುವ ನೆಪ ಮಾಡಿದೆ.

ಇನ್ನೊಂದು ಕಡೆ ನನ್ನ ಮಗಳು ನಿಧಿ. ಹತ್ತು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಆ ದಿನ ಸ್ಕೂಲಿನಿಂದ ಬಂದವಳೇ ನನ್ನ ಹಳೆಯ ಬಿಳಿ ಬೆಡ್‌ಶೀಟಿಗೆ ಎರಡು ತೂತು ಮಾಡಿ, ಹೊದ್ದುಕೊಂಡು, ಸೀದಾ ಅಜ್ಜಿಯ ಮುಂದೆ ಹೋಗಿ ನಿಂತಳು.

“ಬೂ!”

ಅತ್ತೆ ಕೈಯಲ್ಲಿದ್ದ ಜಾಲರಿ ಸೌಟು ಎತ್ತಿದರು. “ಅಯ್ಯೋ ನಿನ್ ಮಕ ಮುಚ್ಚ! ಅಮಾಸೆ ದಿನ, ನಿಮ್ ತಾತ ಬರೋ ದಿನ, ದೆವ್ವದ ವೇಸ ಹಾಕ್ಕಂಡು ಬೀದಿ ಸುತ್ತದಾ? ಕಂಡೋರ ಬಾಗ್ಲಲ್ಲಿ ತಿರ್ಕೆ ಎತ್ತದಾ?”

“ಮಮ್, ಟೆಲ್ ಹರ್! ಇಟ್ಸ್ ದಿ ಸೇಮ್ ಥಿಂಗ್!”

ಸೇಮ್ ಥಿಂಗಂತೆ! ಸ್ಕೂಲಿನಲ್ಲಿ ಟೀಚರ್ ಹ್ಯಾಲೋವೀನಿನ ಕತೆ ಹೇಳಿದ್ದಾರೆ. ನಿಧಿ ಇಂಗ್ಲಿಷಿನಲ್ಲಿ ಹೇಳಿದಳು, ನಾನು ಒಂದು ಕಣ್ಣು ಬಾಣಲೆಯ ಮೇಲಿಟ್ಟು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಒಂದಾನೊಂದು ಕಾಲದಲ್ಲಿ ಐರ್ಲೆಂಡ್ ಕಡೆ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ರಾತ್ರಿ ಒಂದು ಹಬ್ಬವಿತ್ತು. ಅದರ ಹೆಸರು ಸಾವಿನ್. (ನಮ್ಮ ಸಾವಿಗೂ ಅದಕ್ಕೂ ಸಂಬಂಧವಿಲ್ಲ, ವಾಟ್ಸ್ಯಾಪ್ ಪಂಡಿತರು ಸುಮ್ಮನಿರಬೇಕು.) ಆ ರಾತ್ರಿ ಸತ್ತವರು ಮನೆಗೆ ಬರುತ್ತಾರೆಂದು ನಂಬಿಕೆ. ಅವರಿಗೆ ಊಟ ತೆಗೆದಿಡುತ್ತಿದ್ದರು. ಒಳ್ಳೆಯವರ ಹಿಂದೆ ಕೆಟ್ಟವೂ ಬರುತ್ತವಲ್ಲ, ಅವಕ್ಕೆ ಗುರುತು ಸಿಗದಿರಲಿ ಎಂದು ವೇಷ ಹಾಕುತ್ತಿದ್ದರು.

ಅತ್ತೆ ಜಾಲರಿ ಇಳಿಸಿದರು. “ಎಡೆ ಮಡಗ್ತಿದ್ರಾ?”

“ಹೂಂ ಅತ್ತೆ.”

“ಬಾಗ್ಲು ಹಾಕ್ತಿದ್ರಾ, ತಗೀತಿದ್ರಾ?”

ಇದು ಟೀಚರ್ ಹೇಳಿರಲಿಲ್ಲ. ನಿಧಿ ಮುಂದಿನ ಪಾಠಕ್ಕೆ ಹೋದಳು. ಆಮೇಲೆ ಚರ್ಚು ಬಂತು. ಸತ್ತವರಿಗೆ, ಸಂತರಿಗೆ ಅದರ ಮರುದಿನಗಳನ್ನೇ ಗೊತ್ತುಮಾಡಿತು. ಬಡವರು, ಮಕ್ಕಳು ಮನೆಮನೆಗೆ ಹೋಗಿ ‘ನಿಮ್ಮ ಮನೆಯಲ್ಲಿ ಹೋದವರಿಗಾಗಿ ಪ್ರಾರ್ಥನೆ ಮಾಡುತ್ತೇವೆ’ ಎನ್ನುವುದು, ಮನೆಯವರು ಒಂದು ಪುಟ್ಟ ಕೇಕು ಕೊಡುವುದು. ಅಂದರೆ ಬಾಗಿಲಿಗೆ ಬಂದವನು ತನಗಾಗಿ ಬೇಡುತ್ತಿರಲಿಲ್ಲ, ಹೋದವರ ಪರವಾಗಿ ಇಸಿದುಕೊಳ್ಳುತ್ತಿದ್ದ. ಮುಂದೆ ಐರ್ಲೆಂಡಿನವರು ಹೊಟ್ಟೆಪಾಡಿಗೆ ಅಮೆರಿಕಕ್ಕೆ ಹೋದರು. ಊರಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರು. ಅಲ್ಲಿ ದೊಡ್ಡ ದೊಡ್ಡ ಕುಂಬಳಕಾಯಿ ಸಿಕ್ಕಿತು. ಅದನ್ನೇ ಕೊರೆದರು.

“ಓ, ದೃಷ್ಟಿ ಕುಂಬ್ಳಕಾಯಿ!” ಎಂದರು ಅತ್ತೆ. ಹೊಸ ಮನೆ ಕಟ್ಟುವಲ್ಲಿ ನಾವು ಬೂದುಗುಂಬಳಕ್ಕೆ ಮೀಸೆ, ಕೋರೆಹಲ್ಲು ಬರೆದು ತೂಗುಹಾಕುವುದಿಲ್ಲವೇ?

ಸಿಕ್ಕಿದ ತರಕಾರಿಯಲ್ಲಿ ಹಬ್ಬ ಮಾಡುವುದು ವಲಸೆ ಹೋದವರ ಹಣೆಬರಹ. ನಮ್ಮದು ಬೇರೆಯೇ? ಫ್ರೀಜರಿನ ತೆಂಗಿನತುರಿ, ಪಕ್ಕದ ಮನೆಯವರ ಹಿತ್ತಲಿನಿಂದ ಕೇಳಿ ತಂದ ಬಾಳೆಲೆ, ಡೆಕ್ಕಿನ (ಮನೆಗೆ ಅಂಟಿದ ಮರದ ಜಗಲಿ) ಬಾರ್ಬೆಕ್ಯೂ ಒಲೆಯಲ್ಲಿ ಮಾಡಿಕೊಂಡ ಧೂಪದ ಕೆಂಡ.

ಆ ಹಬ್ಬ ಅಮೆರಿಕದಿಂದ ಟೀವಿ ಹತ್ತಿ, ಅಂಗಡಿ ಹತ್ತಿ ನ್ಯೂಜಿಲೆಂಡಿಗೂ ಬಂತು. ಬಂದಿದ್ದು ಹೇಗೆ? ತಲೆಕೆಳಗಾಗಿ. ಅಲ್ಲಿ ಎಲೆ ಉದುರುವ ಕಾಲದ ಹಬ್ಬ, ಇಲ್ಲಿ ಹೂ ಬಿಡುವ ಕಾಲದಲ್ಲಿ. ಸಂಜೆ ಎಂಟರ ತನಕ ಬೆಳಕು. ನಮ್ಮ ದೆವ್ವಗಳು ಸನ್‌ಸ್ಕ್ರೀನ್ ಬಳಿದುಕೊಂಡು ಬರುತ್ತವೆ. ಕುಂಬಳಕಾಯಿ ಸುಗ್ಗಿ ಮುಗಿದು ತಿಂಗಳುಗಳಾಗಿರುತ್ತವೆ, ಹಾಗಾಗಿ ಪ್ಲಾಸ್ಟಿಕ್ಕಿನದು. ಹೋದವರನ್ನು ನೆನೆಯುವ ಕಾಲ ಈ ನೆಲಕ್ಕೂ ಉಂಟು. ಚಳಿಗಾಲದ ಮಾತಾರಿಕಿ ಹಬ್ಬದಲ್ಲಿ ಇಲ್ಲಿನ ಮೂಲನಿವಾಸಿ ಮಾವೊರಿ ಜನ ಬೆಳಗಿನ ಜಾವ ನಕ್ಷತ್ರ ನೋಡಿ, ಆ ವರ್ಷ ತೀರಿಕೊಂಡವರ ಹೆಸರು ಹಿಡಿದು ಕರೆಯುತ್ತಾರೆ. ಅದು ಅದರ ಕಾಲಕ್ಕೆ ಸರಿಯಾಗಿ ಬರುತ್ತದೆ. ಹ್ಯಾಲೋವೀನು ಮಾತ್ರ ನಮ್ಮ ಹಾಗೆ, ಬೇರೆ ದೇಶದ ಕ್ಯಾಲೆಂಡರು ಕಂಕುಳಲ್ಲಿ ಇಟ್ಟುಕೊಂಡು ಬಂದಿಳಿದದ್ದು. “ಅಮೆರಿಕದ ಕಸ” ಎಂದು ಬೈಯುವ ಕಿವಿಗಳು ನಮ್ಮ ಆಫೀಸಿನಲ್ಲೇ ಬೇಕಾದಷ್ಟು ಜನ ಇದ್ದಾರೆ. (ಕಿವಿ ಎಂದರೆ ಇಲ್ಲಿನವರು. ಅವರು ತಮ್ಮನ್ನು ತಾವೇ ಹಾಗೆ ಕರೆದುಕೊಳ್ಳುತ್ತಾರೆ.) ನನಗೆ ಬೈಯಲು ಮನಸ್ಸು ಬರುವುದಿಲ್ಲ. ಅಷ್ಟು ದೂರದಿಂದ ಬಂದಿದೆ, ಪಾಪ.

ಎಲ್ಲ ಕೇಳಿದ ಅತ್ತೆ ಒಂದು ಮಾತು ಹೇಳಿದರು. “ಅವ್ರೂ ನಮ್ಮಂಗೇ ಇದ್ರು ಅನ್ನು. ಬತ್ತಾ ಬತ್ತಾ ಸತ್ತೋರ್ನ ಮರ್ತ್ರು, ಚಾಕ್ಲೇಟ್ ಮಾತ್ರ ಮಡಿಕಂಡ್ರು.”

ನಾನು ಕಜ್ಜಾಯ ತಟ್ಟುತ್ತಿದ್ದವಳು ನಿಧಿಯ ಕಡೆ ನೋಡಿದೆ. ಅತ್ತೆಯೂ ಅವಳನ್ನೇ ನೋಡುತ್ತಿದ್ದರು. ನಮ್ಮಿಬ್ಬರಿಗೂ ಒಂದೇ ಯೋಚನೆ ಬಂದಿತ್ತು ಅಂತ ಕಾಣುತ್ತದೆ. ಇವಳ ಕಾಲಕ್ಕೆ ನಮ್ಮದರಲ್ಲಿ ಏನು ಉಳಿಯುತ್ತದೆ? ಕಜ್ಜಾಯವೊಂದೇ?

ಕೊನೆಗೆ ರಾಜಿಯಾಯಿತು. ಎಡೆ ಮುಗಿಯುವವರೆಗೆ ನಿಧಿ ಮನೆಯಲ್ಲಿರಬೇಕು. ಆಮೇಲೆ ನಮ್ಮ ಬೀದಿ ಒಂದು ಸುತ್ತು. ಬೆಡ್‌ಶೀಟು ಮಾತ್ರ ತೆಗೆಯುವುದಿಲ್ಲ ಎಂದಳು. “ಇರ್ಲಿ ಬುಡು, ತಾತ ಬೆಚ್ಚಿ ಬೀಳೋರಲ್ಲ” ಎಂದರು ಅತ್ತೆ.

ಎಡೆ ಚೆನ್ನಾಗಿಯೇ ಆಯಿತು. ಬಾಳೆಲೆಯ ಮೇಲೆ ಮುದ್ದೆ, ಹುರುಳಿಕಾಳಿನ ಸಾರು, ಚಕ್ಕುಲಿ, ಕಜ್ಜಾಯ, ಎಲೆ ಅಡಿಕೆ. ಪಕ್ಕದಲ್ಲಿ ಹೊಸ ಪಂಚೆ, ಶರಟು. ಮಹೇಶ ದೀಪ ಹಚ್ಚಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿದ. ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದು ಅತ್ತೆ. “ಆ ಬಿಳೀ ತೊಗಲಿನೋರ ಬೆಕ್ಕು ನುಗ್ಗಿ ಬಾಯಾಕ್ತದೆ.” ಎಲ್ಲರೂ ಹೊರಗೆ ಬಂದೆವು. ಮಹೇಶ ಬಾಗಿಲು ಎಳೆದ.

ಕ್ಲಿಕ್.

ಊರಿನ ಬಾಗಿಲು ಎಳೆದರೆ ಮುಚ್ಚಿಕೊಳ್ಳುತ್ತದೆ, ಅಷ್ಟೆ. ಇಲ್ಲಿನ ಬಾಗಿಲು ಎಳೆದರೆ ತಾನೇ ಲಾಕ್ ಆಗುತ್ತದೆ. ಈ ಮನೆಯಲ್ಲಿ ಎಷ್ಟೋ ವರ್ಷದಿಂದ ಇದ್ದೇವೆ, ದಿನಾ ಕೀ ಹಿಡಿದೇ ಓಡಾಡುತ್ತೇವೆ. ಆದರೆ ಎಡೆ ಇಟ್ಟು ಹೊರಗೆ ಬಂದ ಮಹೇಶ ಆ ಕ್ಷಣ ಆಕ್ಲೆಂಡಿನಲ್ಲಿ ಇರಲಿಲ್ಲ. ಅವನ ಕೈ ಅವರಪ್ಪನ ಮನೆಯ ಬಾಗಿಲನ್ನು ಎಳೆಯುತ್ತಿತ್ತು.

“ರೀ, ಕೀ?” ಎಂದೆ.

ಅವನು ಜೇಬು ಮುಟ್ಟಿಕೊಂಡ. ಉಟ್ಟಿದ್ದು ಪಂಚೆ. ಜೇಬೆಲ್ಲಿಂದ ಬರಬೇಕು?

ಆಗಲೇ ಅಲಾರಂ ಶುರುವಾಯಿತು. ಒಗ್ಗರಣೆ ಹಾಕುವಾಗ ಆ ಅಲಾರಮ್ಮಿಗೆ ಶವರ್ ಕ್ಯಾಪ್ ತೊಡಿಸುವುದು ಇಲ್ಲಿನ ಭಾರತೀಯರ ಮನೆಗಳ ಗುಟ್ಟು. ಸಾಂಬ್ರಾಣಿಗೂ ತೊಡಿಸಬೇಕು ಎಂದು ಹೊಳೆದಿರಲಿಲ್ಲ. ಒಳಗೆ ಕೆಂಡ ಇದೆ, ಉರಿಯುವ ದೀಪ ಇದೆ. ಮಹೇಶ ಪಂಚೆ ಎತ್ತಿ ಕಟ್ಟಿ ಕಿಟಕಿ ಕಿಟಕಿ ಸುತ್ತಿದ. ಗಾಜಿನಾಚೆ ಹೊಗೆ, ಹೊಗೆಯಲ್ಲಿ ದೀಪ. ಇಷ್ಟರಲ್ಲಿ ಮುಖವಾಡದ ಮಕ್ಕಳು ಬಂದವು, ಜೊತೆಗೆ ಒಬ್ಬ ತಾಯಿ. ಹೊಗೆ ತುಂಬಿದ ಮನೆ, ಸೈರನ್, ಅಂಗಳದಲ್ಲಿ ಬಿಳಿ ಭೂತ, ಅಳುವ ಅಜ್ಜಿ! ಅವರ ಪಾಲಿಗೆ ಅದು ಬೀದಿಯಲ್ಲೇ ಅತ್ಯುತ್ತಮ ಏರ್ಪಾಡು.

“ಈಸ್ ಇಟ್ ರಿಯಲ್?” ಎಂದು ತಾಯಿ ಮೆಲ್ಲಗೆ ಕೇಳಿದಳು.

“ರಿಯಲ್” ಎಂದೆ. ಬೇರೆ ಏನು ಹೇಳಲಿ? ಅವಳು ಫೈರ್ ಬ್ರಿಗೇಡಿಗೆ ಫೋನ್ ಮಾಡಲಾ ಎಂದು ಮೊಬೈಲ್ ತೆಗೆದಳು.

ಅತ್ತೆಯ ಚಿಂತೆ ಬೆಂಕಿಯದಲ್ಲ. “ಮುಂದ್ಕೆ ಹಾಕು ಅಂದ್ರೆ ಬೀಗ ಹಾಕ್ಬುಟ್ಟಲ್ಲೋ! ಮೊದಲ್ನೇ ಸಲ ಮಗನ್ ಮನೆಗೆ ಬತ್ತಾವ್ರೆ. ಬಾಗ್ಲಿಗೆ ಬೀಗ ಜಡ್ದು, ಸೈರನ್ ಹೊಡ್ದು ಓಡಿಸ್ತಾ ಕುಂತಿದ್ದೀರಲ್ಲೋ! ಇನ್ನೆಲ್ಲಿ ಬಂದಾರು?”

ಮಹೇಶ ಮುಖ ತಿರುಗಿಸಿದ. ಅಪ್ಪ ಹೋದಾಗ ವಿಮಾನ ಹಿಡಿದು ಹೋಗಿ ಬಂದವನು, ಆಗಲೂ ನಮ್ಮ ಮುಂದೆ ಅತ್ತಿರಲಿಲ್ಲ. ಈಗ ಬಾಗಿಲಿನ ಹಿಡಿ ಹಿಡಿದುಕೊಂಡು “ಸಾರಿ ಅಮ್ಮ, ಸಾರಿ” ಎನ್ನುತ್ತಿದ್ದ. ಬಾಗಿಲಿಗೆ ಹೇಳುತ್ತಿದ್ದನೋ, ಅಮ್ಮನಿಗೋ, ಗೊತ್ತಾಗಲಿಲ್ಲ.

“ಡ್ಯಾಡ್, ಲಾಂಡ್ರಿ ವಿಂಡೋ” ಎಂದಿತು ಬಿಳಿ ಭೂತ.

ಹೌದು! ಬಟ್ಟೆ ಒಗೆಯುವ ಕೋಣೆಯ ಚಿಕ್ಕ ಕಿಟಕಿ. ಅದೊಂದನ್ನು ಮುಚ್ಚಲು ಮರೆತಿದ್ದೆವು. ಮಹೇಶ ಅವಳನ್ನು ಎತ್ತಿ ಹಿಡಿದ. ಬೆಡ್‌ಶೀಟಿನ ಸಮೇತ ನಿಧಿ ತಲೆ ತೂರಿಸಿದಳು, ಕಾಲು ಆಡಿಸಿದಳು, ಒಳಗೆ ದೊಪ್ಪೆಂದು ಬಿದ್ದಳು. ಅಸ್ಥಿಪಂಜರ ಶಿಳ್ಳೆ ಹಾಕಿತು.

ಮೊದಲು ಅಲಾರಂ ನಿಂತಿತು. ಟವೆಲ್ ಬೀಸಿ ಅದನ್ನು ನಿಲ್ಲಿಸುವುದು ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಕಲಿಯುವ ಮೊದಲ ವಿದ್ಯೆ. ಆ ತಾಯಿ ಮೊಬೈಲನ್ನು ಮತ್ತೆ ಜೇಬಿಗಿಟ್ಟಳು. ಆಮೇಲೆ ಸದ್ದೇ ಇಲ್ಲ. ಬಾಗಿಲು ತೆರೆಯುತ್ತಿಲ್ಲ. ನಾನು ತಟ್ಟಿದೆ. ಅತ್ತೆ ಒಂದು ಸಲ ಕೆಮ್ಮಿದರು, ಅಭ್ಯಾಸಬಲ. ಆಗ ಬಾಗಿಲು ಒಳಗಿನಿಂದ ತೆರೆದುಕೊಂಡಿತು. ಹೊಗೆಯ ನಡುವೆ ಬಿಳಿ ಭೂತ ನಿಂತಿತ್ತು.

“ಇಷ್ಟೊತ್ತು ಏನೇ ಮಾಡ್ತಿದ್ದೆ?” ಎಂದು ಗದರಿದೆ.

“ಐ ವಾಸ್ ಸೇಯಿಂಗ್ ಸಾರಿ ಟು ತಾತ. ಫಾರ್ ದಿ ನಾಯ್ಸ್.” ಆಮೇಲೆ ತುಸು ಯೋಚಿಸಿ, ತನ್ನ ಹರಕು ಕನ್ನಡದಲ್ಲಿ, “ಅಜ್ಜಿ, ತಾತ ಇಂಗ್ಲಿಷ್ ಬರುತ್ತಾ?”

“ಬಸ್ ಸ್ಟ್ಯಾಂಡಿನಷ್ಟು ಬತ್ತದೆ. ಸಾರಿ ಗೊತ್ತಾಯ್ತದೆ” ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತಾ.

ಒಳಗೆ ಹೋದ ಅತ್ತೆ ಎಡೆಯ ಮುಂದೆ ಕೂತು ನೋಡಿದರು. ಊರಿನಲ್ಲಿ ಏನಾದರೊಂದು ಗುರುತು ಕಾಣುತ್ತದಂತೆ. ಅನ್ನದಲ್ಲಿ ಬೆರಳು ಮೂಡಿದ ಹಾಗೆ, ಹೂವೊಂದು ಜಾರಿದ ಹಾಗೆ. ಎಲೆಯ ಆ ತುದಿ ನೋಡಿದರು, ಈ ತುದಿ ನೋಡಿದರು. ಮುದ್ದೆ ಇಟ್ಟ ಹಾಗೇ ಇತ್ತು. ಕಜ್ಜಾಯ ಒಂದೂ ಕದಲಿರಲಿಲ್ಲ. ಪಂಚೆಯ ಮಡಿಕೆ ಮಡಿಕೆಯಾಗಿಯೇ ಇತ್ತು.

“ಬರ್ಲಿಲ್ಲ ಕಣವ್ವ” ಎಂದರು. ನಾನು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ‘ಹಾಗೇನಿಲ್ಲ, ಬಂದಿರುತ್ತಾರೆ’ ಎನ್ನಬಹುದಿತ್ತು. ಆ ಮುಖ ನೋಡಿ ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಹೊರಗೆ ಮಕ್ಕಳು ಇನ್ನೂ ಕಾಯುತ್ತಿದ್ದರು. ಮಹೇಶ ಎಲ್ಲರಿಗೂ ಚಾಕಲೇಟಿನ ಜೊತೆ ಒಂದೊಂದು ಕಜ್ಜಾಯ ಕೊಟ್ಟ. ನಿಧಿ ಅವರ ಹಿಂದೆಯೇ ಓಡಿದಳು. ಬೀದಿಯ ಕೊನೆಯ ತನಕ ಮಾತ್ರ, ಆ ತಾಯಿಯ ಜೊತೆಗೇ ಇರಬೇಕು ಎಂದು ನಾನು ಕೂಗಿ ಹೇಳಿದೆ.

ಸ್ವಲ್ಪ ಹೊತ್ತಿಗೆ ಗಾಳಿಗೆಂದು ಹೊರಗೆ ಹೋದ ಅತ್ತೆ, “ಸುಮಾ!” ಎಂದು ಕೂಗಿದರು. ಎಂದೂ ಹಾಗೆ ಕೂಗಿದವರಲ್ಲ. ಓಡಿ ಹೋದೆ.

“ಶೂ ಎಲ್ಲಿ?”

ಮ್ಯಾಟಿನ ಪಕ್ಕ ಮಾವನ ಬಿಳಿ ಶೂ ಇರಲಿಲ್ಲ. ನಮ್ಮ ಚಪ್ಪಲಿ, ಮಹೇಶನ ಬೂಟು, ನಿಧಿಯ ಸ್ಕೂಲ್ ಶೂ ಎಲ್ಲ ಇದ್ದವು. ಮಾವನದು ಮಾತ್ರ ಇಲ್ಲ. ಅತ್ತೆ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

ಬೀದಿಯ ಇಳಿಜಾರಿನಲ್ಲಿ ಸಂಜೆಯ ಬಿಸಿಲಿತ್ತು. ಎದುರು ಸಾಲಿನ ಮನೆಯೊಂದರಿಂದ ಬಿಳಿ ಬೆಡ್‌ಶೀಟಿನ ಭೂತ ಇಳಿದು ಬರುತ್ತಿತ್ತು. ಅದರ ಕೆಳಗೆ ದೊಡ್ಡ ದೊಡ್ಡ ಬಿಳಿ ಶೂ. ಕಾಲು ಎತ್ತಿದರೆ ಕಳಚಿ ಬೀಳುತ್ತವೆಂದು ನಿಧಿ ಎರಡೂ ಕಾಲನ್ನು ನೆಲಕ್ಕೆ ಉಜ್ಜುತ್ತಾ ನಡೆಯುತ್ತಿದ್ದಳು. ಸರ್‍ರ್, ಸರ್‍ರ್.

ಮಾವ ಹಾಗೇ ನಡೆಯುತ್ತಿದ್ದರು. ಕಾಲೆಳೆದುಕೊಂಡು. ಮೈಸೂರಿನ ಮನೆಯಲ್ಲಿ ಅವರು ಗೇಟು ದಾಟುವ ಮೊದಲೇ ಆ ಸದ್ದು ಕೇಳಿ ಅತ್ತೆ ಕಾಫಿಗೆ ಹಾಲು ಇಡುತ್ತಿದ್ದುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ನಾನು ಬೈಯಲೆಂದು ಮೆಟ್ಟಿಲಿಳಿದೆ. ತಾತನ ಶೂ! ಯಾರನ್ನು ಕೇಳಿ ಹಾಕಿಕೊಂಡಳು? ಅತ್ತೆ ನನ್ನನ್ನು ಹಿಡಿದು ನಿಲ್ಲಿಸಿದರು.

“ಕರೀಬ್ಯಾಡ. ಓಗ್ಲಿ ಬುಡು” ಎಂದರು. “ಸದ್ದು ಕೇಳ್ತಾ?”

ಕೇಳುತ್ತಿತ್ತು.

ಕತ್ತಲಾಗುವ ಹೊತ್ತಿಗೆ ನಿಧಿ ಬಂದಳು. ಮುಖವೆಲ್ಲ ಬೆವರು, ಚೀಲದ ತುಂಬ ಚಾಕಲೇಟು. ನನ್ನ ಮುಖ ನೋಡಿ ತಾನೇ ಹೇಳಿದಳು. “ಇಟ್ಸ್ ಹಿಸ್ ಫಸ್ಟ್ ಟೈಮ್ ಹಿಯರ್, ಮಮ್. ಸಮ್‌ಬಡಿ ಹ್ಯಾಡ್ ಟು ಶೋ ಹಿಮ್ ಅರೌಂಡ್.” ಹೋದ ಕಡೆಯೆಲ್ಲ ಎರಡೆರಡು ಕೇಳಿದಳಂತೆ. ಒಂದು ತನಗೆ, ಒಂದು ತಾತನಿಗೆ. ಯಾರೂ ಇಲ್ಲ ಅನ್ನಲಿಲ್ಲವಂತೆ. ತಾತನ ಪಾಲನ್ನು ಬೇರೆಯಾಗಿ ತೆಗೆದು, ಬಾಳೆಲೆಯ ಮೇಲೆ, ಕಜ್ಜಾಯದ ಪಕ್ಕದಲ್ಲಿ ಇಟ್ಟಳು. ಮಹೇಶ ಎದ್ದು ಡೆಕ್ಕಿಗೆ ಹೋದ. ಬಹಳ ಹೊತ್ತು ಒಳಗೆ ಬರಲಿಲ್ಲ.

ಅವಳಿಗೆ ಯಾರೂ ಹೀಗೆ ಮಾಡು ಎಂದು ಹೇಳಿರಲಿಲ್ಲ. ಟೀಚರ್ ಹೇಳಿದ ಕತೆ, ಅಜ್ಜಿ ಇಟ್ಟ ಎಡೆ, ಎರಡನ್ನೂ ಅವಳೇ ಎಲ್ಲೋ ಗಂಟು ಹಾಕಿಕೊಂಡಿದ್ದಳು. ಸತ್ತವರ ಪರವಾಗಿ ಬಾಗಿಲು ತಟ್ಟುವ ಆ ಹಳೆಯ ಹಬ್ಬ ಕಾಲಾಂತರದಲ್ಲಿ ಚಾಕಲೇಟಾಯಿತು ಎಂದು ನಾವು ದೊಡ್ಡವರು ನಿಟ್ಟುಸಿರು ಬಿಟ್ಟಿದ್ದೆವು. ಚಾಕಲೇಟು ಹಿಡಿದುಕೊಂಡೇ ಅವಳು ಹಿಂದಕ್ಕೆ ನಡೆದು ಬಂದಿದ್ದಳು. ನಮ್ಮದರಲ್ಲಿ ಏನು ಉಳಿಯುತ್ತದೋ ಎಂದು ಚಿಂತೆ ಮಾಡುವುದನ್ನು ನಾನು ಸದ್ಯಕ್ಕೆ ನಿಲ್ಲಿಸಿದ್ದೇನೆ.

ಬೆಳಿಗ್ಗೆ ಬಾಗಿಲು ತೆಗೆದರೆ ಬಿಳಿ ಶೂ ಮತ್ತೆ ಮ್ಯಾಟಿನ ಪಕ್ಕದಲ್ಲಿ. ಹಬ್ಬದ ಹಿಂದಿನ ರಾತ್ರಿಯ ಮಳೆಗೆ ನೆನೆದ ಅಂಗಳಗಳನ್ನೆಲ್ಲ ತುಳಿದು ಬಂದಿದ್ದವು. ಸೋಲಿಗೆ ಕೆಸರು ಮೆತ್ತಿತ್ತು, ಲೇಸಿಗೆ ಹುಲ್ಲು ಸಿಕ್ಕಿಕೊಂಡಿತ್ತು. ನಾನು ಒದ್ದೆ ಬಟ್ಟೆ ತಂದು ಒರೆಸಲು ಬಗ್ಗಿದೆ.

“ಒರಸ್ಬ್ಯಾಡ” ಎಂದರು ಅತ್ತೆ.

ಬಾಗಿಲಲ್ಲೇ ಕೂತು ಒಂದು ಶೂ ಮಡಿಲಿಗೆ ತೆಗೆದುಕೊಂಡರು. ಏರ್‌ಪೋರ್ಟಿನವನು ಹಿಡಿದ ಹಾಗೇ ತಿರುಗಿಸಿ, ಬೆಳಕಿಗೆ ಹಿಡಿದು, ಹೊಲಿಗೆಯ ಸಂದಿಯನ್ನೆಲ್ಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದರು. ಉತ್ತರ ನಿಮಗೆ ಗೊತ್ತಿದ್ದರೆ ತಿಳಿಸಿ:

“ಬರ್ದೇ ಇದ್ದೋರ ಶೂಗೆ ಈ ಊರ್ ಮಣ್ಣು ಎಂಗವ್ವ ಹತ್ತದು?”